ಮನೆಮೋಟಾರಿನ ತಪಾಸಣೆ

ಹೆಂಡತಿಯ ಸಾವಿಗೆ ತಾನೇ ಕಾರಣ ಎಂದು ಸರ್ಕಾರದ ಕಾಗದದಲ್ಲಿ ಬರೆಸಿಕೊಂಡು, ಹಾಗೆ ಬರೆಸಿದವರ ಕೈಯಿಂದಲೇ ಗೋಣೆಪ್ಪ ನಾಲ್ಕು ವರ್ಷ ಅನ್ನ ತಿಂದ. ಅನ್ನ ಹೇಗೋ ಗಂಟಲಲ್ಲಿ ಇಳಿಯುತ್ತಿತ್ತು. ಇಳಿಯದೆ ಉಳಿದದ್ದು ಚನ್ನಗಿರಿ ಪೇಟೆಯವರ ಮಾತು. "ಕಲ್ಲೇಶಪ್ಪೋರಂಥ ಯಜಮಾನ್ರು ಸಿಗಾಕೆ ಪುಣ್ಯ ಮಾಡಿರಬೇಕು ಕಣಪ್ಪ. ಜೈಲಿಂದ ಬಂದೋನ್ನ ಯಾರು ಕೆಲಸಕ್ಕಿಟ್ಕಂತಾರೆ?" ಎಂದು ಎದುರು ಸಿಕ್ಕವರೆಲ್ಲ ಹೇಳುತ್ತಿದ್ದರು. ಗೋಣೆಪ್ಪ ತಲೆ ತಗ್ಗಿಸಿ "ಹೌದ್ರಿ" ಎನ್ನುತ್ತಿದ್ದ. ಆ ಒಂದು ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಕೊನೆಕೊನೆಗೆ ಯಾರೂ ಏನೂ ಕೇಳದೆ ಹೋದರೂ ಅವನ ತುಟಿ ಅದನ್ನೇ ಆಡುತ್ತಿತ್ತು.

ಕಲ್ಲೇಶಪ್ಪನವರು ಬಸವಾಪಟ್ಟಣದ ಅಡಿಕೆ ವ್ಯಾಪಾರಸ್ಥರ ಮನೆಯವರು. ಮಂಡಿಯಲ್ಲಿ ಕೂರಲು ಮನಸ್ಸಿಲ್ಲದೆ ಫೋಟೋ ತೆಗೆಯುವುದನ್ನು ಕಲಿತು ಚನ್ನಗಿರಿಯಲ್ಲಿ ಮನೆ ಮಾಡಿದ್ದರು. ಹಳೆಯ ಲಾರಿಯೊಂದನ್ನು ಕೊಂಡು, ಅದರ ಬೆನ್ನ ಮೇಲೆ ಹಲಗೆಯ ಮನೆ ಕಟ್ಟಿಸಿದ್ದರು. ಮುಂದಿನ ಅರ್ಧದಲ್ಲಿ ಮಂಚ, ಸ್ಟೌ, ನೀರಿನ ಪೀಪಾಯಿ. ಹಿಂದಿನ ಅರ್ಧದಲ್ಲಿ ಫೋಟೋದ ಗಾಜಿನ ಪ್ಲೇಟು ತೊಳೆಯುವ ಕತ್ತಲೆ ಕೋಣೆ. ಜನ ಅದನ್ನು ಮನೆಮೋಟಾರು ಎಂದರು. ಅದು ಊರಿಗೆ ಬಂತೆಂದರೆ ಮದುವೆಯಾದವರು, ಮಕ್ಕಳಾದವರು, ಸಾಯುವ ಮೊದಲು ಮುಖ ಉಳಿಸಿಕೊಳ್ಳಬೇಕೆನ್ನುವವರು ಎಲ್ಲರೂ ತಲೆ ಬಾಚಿಕೊಂಡು ಬರುತ್ತಿದ್ದರು. ಗಾಡಿ ಓಡಿಸುವವನು ಗೋಣೆಪ್ಪ, ಅಡುಗೆಗೆ ಅವನ ಹೆಂಡತಿ ದುರುಗಮ್ಮ.

ಸಾವಿರದ ಒಂಬೈನೂರ ಮೂವತ್ತೊಂಬತ್ತರ ಬೇಸಿಗೆಯಲ್ಲಿ ಬ್ರೇಕಿನ ಲೈನಿಂಗು ಸವೆದುಹೋಗಿತ್ತು. ಗೋಣೆಪ್ಪ ಚನ್ನಗಿರಿಯಲ್ಲಿ ಒಂದು ಸಲ ಹೇಳಿದ, ದಾರಿಯಲ್ಲಿ ಒಂದು ಸಲ ಹೇಳಿದ, ನ್ಯಾಮತಿಯಲ್ಲಿ ಚಕ್ರವನ್ನೇ ಬಿಚ್ಚಿ ತೋರಿಸಿದ. "ಹೊನ್ನಾಳಿ ಮದುವೆ ಒಂದು ಮುಗೀಲಪ್ಪ. ಆಮೇಲೆ ಹಾಕ್ಸಾಣ" ಎಂದರು ಕಲ್ಲೇಶಪ್ಪ. ನ್ಯಾಮತಿ ದಾಟಿದ ಮೇಲಿನ ಇಳಿಜಾರಿನಲ್ಲಿ ಪೆಡಲು ನೆಲಕ್ಕೆ ತಾಕಿತು, ಗಾಡಿ ನಿಲ್ಲಲಿಲ್ಲ. ಎದುರಿಗೆ ಬರುತ್ತಿದ್ದ ಎತ್ತಿನ ಗಾಡಿಯನ್ನು ತಪ್ಪಿಸಲು ಗೋಣೆಪ್ಪ ದಿಬ್ಬಕ್ಕೆ ತಿರುಗಿಸಿದ. ಹಿಂದಿನ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದ ದುರುಗಮ್ಮ ಕೆಳಗೆ ಬಿದ್ದಳು. ಗಾಡಿ ಅವಳ ಮೇಲೆ ವಾಲಿತು.

ಹೊನ್ನಾಳಿ ಕೋರ್ಟಿನಲ್ಲಿ ಕಲ್ಲೇಶಪ್ಪ ಕಟಕಟೆ ಹಿಡಿದು, "ಬ್ರೇಕು ಸರಿ ಮಾಡ್ಸು ಅಂತ ನಾನು ಹೇಳಿದ್ದೆ ಸ್ವಾಮಿ. ಇವನು ಉದಾಸೀನ ಮಾಡ್ದ" ಎಂದರು. ಮಾಲೀಕರ ತಪ್ಪೆಂದಾದರೆ ಪರ್ಮಿಟ್ಟು ಹೋಗುತ್ತದೆ ಎಂದು ಯಾರೋ ಅವರ ಕಿವಿಯಲ್ಲಿ ಹೇಳಿದ್ದರು. ಗೋಣೆಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಡ್ರೈವರನ ಮಾತು ಯಾರಿಗೆ ಬೇಕಿತ್ತು? ಆರು ತಿಂಗಳು ಶಿವಮೊಗ್ಗದ ಜೈಲು. ಬಿಡುಗಡೆಯ ದಿನ ಬಾಗಿಲಾಚೆ ಕಲ್ಲೇಶಪ್ಪನವರೇ ಹೊಸ ಪಂಚೆ ಹಿಡಿದು ನಿಂತಿದ್ದರು. "ಬಾ, ಹೋಗಾಣ" ಎಂದರು. ಅಂದಿನಿಂದ ಇಂದಿನವರೆಗೂ ಆ ವಿಷಯ ಇಬ್ಬರ ನಡುವೆ ಬರಲಿಲ್ಲ.

ಆ ಮೌನದಲ್ಲೇ ತನ್ನ ಅನುಕೂಲ ಇದೆ ಎಂಬುದು ಗೋಣೆಪ್ಪನಿಗೆ ತಿಳಿಯಲು ಮೂರು ವರ್ಷ ಹಿಡಿಯಿತು.

ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದಂತಾಗಿತ್ತು. ಎಲ್ಲ ಬಸ್ಸುಗಳಂತೆ ಮನೆಮೋಟಾರಿಗೂ ಹಿಂಬದಿಯಲ್ಲಿ ಇದ್ದಿಲು ಗ್ಯಾಸಿನ ಪ್ಲಾಂಟು ಕೂರಿಸಿದರು. ಕಬ್ಬಿಣದ ದೊಡ್ಡ ಹಂಡೆಯಂಥದು. ಅದರೊಳಗೆ ಇದ್ದಿಲು ಸುಟ್ಟು, ಬರುವ ಗ್ಯಾಸಿನಿಂದ ಎಂಜಿನ್ನು ಓಡಬೇಕು. ಅದಾದ ಕೆಲವು ತಿಂಗಳಿಗೆ ದಾವಣಗೆರೆಯ ಶೆಡ್ಡಿನಲ್ಲಿ ಒಬ್ಬ ಮೇಸ್ತ್ರಿ ಮಧ್ಯಾಹ್ನ ಪ್ಲಾಂಟಿನ ಪಕ್ಕ ಮಲಗಿದವನು ಏಳಲಿಲ್ಲ ಎಂಬ ಸುದ್ದಿ ಬಂತು. ಹೊಗೆ ಇಲ್ಲ, ಕೆಮ್ಮಿಲ್ಲ, ಮುಖ ಕೆಂಪಗೆ ಮಲಗಿದ ಹಾಗೇ ಇತ್ತಂತೆ. ಸುದ್ದಿ ಹೇಳಿದವನು ಬೇರೆ ಮಾತಿಗೆ ಹೋದ. ಗೋಣೆಪ್ಪ ಹೋಗಲಿಲ್ಲ. ಪ್ಲಾಂಟು ಆನಿಸಿಕೊಂಡಿದ್ದ ಹಲಗೆಗೋಡೆಯ ಆಚೆ ಬದಿಗೆ ಗಾಳಿಯಾಡದ ಕತ್ತಲೆ ಕೋಣೆ ಇತ್ತು. ಯಜಮಾನರು ದಿನಕ್ಕೆರಡು ತಾಸು ಬಾಗಿಲು ಹಾಕಿಕೊಂಡು ಅಲ್ಲಿ ನಿಲ್ಲುತ್ತಿದ್ದರು. ಒಳಗಿನ ಔಷಧಿಗಳ ಘಾಟು ಎಂಥ ವಾಸನೆಯನ್ನಾದರೂ ನುಂಗುವಂಥದ್ದು.

ಅವನು ಅವಸರ ಪಡಲಿಲ್ಲ. ಯಜಮಾನರ ಸಾವು ಹೇಗೆ ಆಯಿತು ಎಂಬುದನ್ನು ಮುಚ್ಚಿಡುವ ಅಗತ್ಯವೇ ಅವನಿಗಿರಲಿಲ್ಲ. ಗ್ಯಾಸಿನಿಂದ ಸತ್ತರು ಎಂದೇ ಗೊತ್ತಾಗಲಿ. ಹಲಗೆ ಸುಟ್ಟು ಸೀಳು ಬಿಟ್ಟಿತ್ತು, ಕೊಳವೆಯ ಬೆಸುಗೆ ಸಡಿಲವಾಗಿತ್ತು, ಮಾಲೀಕರು ನೋಡಿಕೊಂಡಿರಲಿಲ್ಲ ಎಂದು ಪೊಲೀಸರು ಬರೆಯಲಿ. ಮಾಲೀಕರ ಉದಾಸೀನ! ಆ ಎರಡು ಮಾತನ್ನು ಸರ್ಕಾರದ ಶಾಯಿಯಲ್ಲಿ ನೋಡಬೇಕೆಂಬುದೇ ಅವನ ಆಸೆ. ಯಾವ ಸಾವಿಗೆ ಬರೆದರೂ ಸರಿ.

ತೊಡಕು ಇದ್ದದ್ದು ತಪಾಸಣೆಯಲ್ಲಿ. ಆರು ತಿಂಗಳಿಗೊಮ್ಮೆ ಗಾಡಿಗೆ ಫಿಟ್‌ನೆಸ್ ಸರ್ಟಿಫಿಕೇಟು ಮಾಡಿಸಬೇಕು. ಮೈಸೂರು ಸೀಮೆಯ ಮೋಟಾರು ಇನ್ಸ್‌ಪೆಕ್ಟರು ಬಹಳ ಸೂಕ್ಷ್ಮದ ಮನುಷ್ಯ. "ಇದು ಬರೇ ಗಾಡಿ ಅಲ್ರೀ, ಮನುಷ್ಯರು ಮಲಗೋ ಜಾಗ" ಎಂದು ಮನೆಯೊಳಗೆ ಹೊಕ್ಕು, ಊದುಬತ್ತಿ ಹಚ್ಚಿ ಹಲಗೆಯ ಸಂದುಸಂದಿಗೂ ಹಿಡಿಯುತ್ತಿದ್ದರು. ಹೊಗೆ ಅಲುಗಿದರೆ ಅಲ್ಲಿ ಸೀಳಿದೆ ಎಂದು ಲೆಕ್ಕ. ಹೀಗೆ ನೋಡಿದ ಗೋಡೆಯಲ್ಲಿ ಮರುವಾರವೇ ಸೀಳು ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ.

ಆದರೆ ಜಗಳೂರಿನ ಆಚೆ, ಸೊಕ್ಕೆ ದಾಟಿ ಸ್ವಲ್ಪ ದೂರ ಹೋದರೆ ಮದ್ರಾಸು ಸೀಮೆ. ಅಲ್ಲಿಯ ಕಾನೂನೇ ಬೇರೆ. ಜಗಳೂರಿನ ಹೋಟೆಲಿನಲ್ಲಿ ಚಹಾ ಕುಡಿಯುವ ಬಸ್ಸು ಡ್ರೈವರುಗಳ ಹತ್ತಿರ ಗೋಣೆಪ್ಪ ಒಂದೊಂದೇ ವಿಷಯ ತಿಳಿದುಕೊಂಡ. ಒಬ್ಬನ ಹತ್ತಿರವೇ ಎಲ್ಲ ಕೇಳಲಿಲ್ಲ. ಅಲ್ಲಿ ಬ್ರೇಕು ನೋಡುತ್ತಾರೆ, ಹಾರನ್ನು, ದೀಪ ನೋಡುತ್ತಾರೆ, ಗಾಡಿಯನ್ನು ತೂಗುತ್ತಾರೆ. ಲಾರಿಯ ಮೇಲೆ ಕಟ್ಟಿದ ಮನೆ ಅವರ ಪಾಲಿಗೆ ಮನೆಯಲ್ಲ, ಬರೀ ಸರಕು. "ಮೇಲೆ ಹುಲ್ಲು ಹೇರಿದ್ರೂ ಒಂದೆ, ಅರಮನೆ ಕಟ್ಟಿದ್ರೂ ಒಂದೆ. ಒಳಗೆ ಕಾಲೇ ಇಡಲ್ಲ" ಎಂದು ಒಬ್ಬ ನಕ್ಕ. ಆ ಸೀಮೆಯಲ್ಲಿ ವಾರಕ್ಕಿಂತ ಹೆಚ್ಚು ದಿನ ನಿಲ್ಲುವ ಹೊರಗಿನ ಗಾಡಿಗೆ ಅಲ್ಲಿಯ ಸರ್ಟಿಫಿಕೇಟು ಬೇಕು. ಅದೊಂದಿದ್ದರೆ ಮೈಸೂರಿನವರು ಕೆಲವು ತಿಂಗಳು ತಂಟೆಗೆ ಬರುವುದಿಲ್ಲ.

ಅಂದರೆ ಊದುಬತ್ತಿಯ ತಪಾಸಣೆ ಹಳತಾಗಿರುತ್ತದೆ, ಹೊಸ ತಪಾಸಣೆ ಮನೆಯ ಬಗ್ಗೆ ಏನೂ ಹೇಳಿರುವುದಿಲ್ಲ. ನಡುವಿನ ಆ ತಿಂಗಳುಗಳಲ್ಲಿ ಸೀಳು ಯಾವಾಗ ಬಂತೆಂದು ಯಾರು ಹೇಳಬಲ್ಲರು? ಇನ್ನು ದ್ವೇಷದ ಮಾತು. ಊರಿನ ಕಣ್ಣಿಗೆ ಗೋಣೆಪ್ಪ ಯಜಮಾನರ ಋಣದಲ್ಲಿ ಮುಳುಗಿದವನು. ಕೋರ್ಟಿನಲ್ಲಿ ಅವನು ಹೇಳಿದ್ದನ್ನು ತಪ್ಪಿಸಿಕೊಳ್ಳಲು ಆಡಿದ ಸುಳ್ಳೆಂದು ಎಲ್ಲರೂ ಮರೆತಿದ್ದರು. ಅವನಿಗೆ ಸಿಟ್ಟಿರಲು ಕಾರಣವಿದೆ ಎಂದು ಬಲ್ಲವರು ಭೂಮಿಯ ಮೇಲೆ ಇಬ್ಬರೇ. ಕೆಲಸ ಮುಗಿದ ಮೇಲೆ ಒಬ್ಬನೇ.

ಗಡಿಯಾಚೆಯ ಊರುಗಳಲ್ಲಿ ಮದುವೆಗಳ ಕಾಲ ಬಂದಿದೆ, ಹೋದರೆ ಕೆಲಸವಿದೆ ಎಂದು ಅವನು ಒಂದೆರಡು ಸಲ ಅಂದ. ಕಲ್ಲೇಶಪ್ಪ ಒಪ್ಪಿದರು. ಇತ್ತೀಚೆಗೆ ಅವರು ಎಲ್ಲದಕ್ಕೂ ಒಪ್ಪುತ್ತಿದ್ದರು. ಊಟ ಕಡಿಮೆಯಾಗಿತ್ತು. ಕೆಲವು ಸಲ ಗಾಡಿಯ ಹಿಂದಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಗೋಣೆಪ್ಪನಿಗೆ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು. ಆ ಮೆಟ್ಟಿಲು ದುರುಗಮ್ಮನದು.

ಎರಡು ವಾರ ಅವನು ದಿನಕ್ಕೆ ಸ್ವಲ್ಪಸ್ವಲ್ಪವೇ ಕೆಲಸ ಮಾಡಿದ. ಪ್ಲಾಂಟಿನ ಮರೆಯಲ್ಲಿದ್ದ ಹಲಗೆಯನ್ನು ಕಾವಿನಿಂದಲೇ ಸೀಳು ಬಿಟ್ಟಂತೆ ಮಾಡಿದ, ಮಸಿ ಮೆತ್ತಿ ಹಳತು ಮಾಡಿದ. ಆದರೆ ಒಂದು ಯೋಚನೆ ಮಾತ್ರ ಉಳಿಯ ಹಾಗೆ ಚುಚ್ಚುತ್ತಿತ್ತು. ಬ್ರೇಕು ಕೆಟ್ಟಿದೆ ಎಂದು ಅವತ್ತು ಇಬ್ಬರಿಗೂ ಗೊತ್ತಿತ್ತು. ಚಕ್ರ ಹಿಡಿದವನು ತಾನು. ಗಾಡಿ ತೆಗೆಯೋದಿಲ್ಲ ಎಂದು ನ್ಯಾಮತಿಯಲ್ಲಿ ಕೂತುಬಿಟ್ಟಿದ್ದರೆ? ದುರುಗಮ್ಮ ಕೇಳಿದ್ದಳು ಕೂಡ, "ಏನಾಗಲ್ಲೇನ್ರೀ?" ಎಂದು. "ಏನಾಗಲ್ಲ, ಹತ್ತು" ಎಂದಿದ್ದ. ಈ ಮಾತನ್ನು ಅವನು ಕೋರ್ಟಿನಲ್ಲಿ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ನಲವತ್ತನಾಲ್ಕರ ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಗಡಿಯಾಚೆಯ ಊರಿನಲ್ಲಿ ತಪಾಸಣೆ ನಡೆಯುವ ಬಂಗಲೆಯ ಮುಂದೆ ಹುಣಸೆಮರದ ಕೆಳಗೆ ಗಾಡಿ ನಿಂತಿತು. ಎಲ್ಲವೂ ಡ್ರೈವರುಗಳು ಹೇಳಿದಂತೆಯೇ ನಡೆಯಿತು. ಇನ್ಸ್‌ಪೆಕ್ಟರು ಗಾಡಿಯನ್ನು ಮುಂದಕ್ಕೆ ಹಿಂದಕ್ಕೆ ಓಡಿಸಿ ಬ್ರೇಕು ಹಾಕಿಸಿದರು, ಹಾರನ್ನು ಒತ್ತಿಸಿದರು, ತೂಗಿಸಿದರು. ಮನೆಯ ಬಾಗಿಲಿನ ಕಡೆ ತಿರುಗಿಯೂ ನೋಡಲಿಲ್ಲ. ಗೋಣೆಪ್ಪನ ಎದೆ ಹಗುರವಾಯಿತು. ಆಮೇಲೆ ಅವರು, "ನೀನು ಇಲ್ಲೇ ಇರು. ಮಾಲೀಕರು ಒಳಗೆ ಬರ್ರಿ" ಎಂದರು.

ಕಲ್ಲೇಶಪ್ಪ ಒಳಗೆ ಹೋಗಿ ಅರ್ಧ ತಾಸಾದರೂ ಬರಲಿಲ್ಲ. ಫೀಜು, ರುಜು, ಮೊಹರು ಎಂದುಕೊಂಡು ಗೋಣೆಪ್ಪ ಬೀಡಿ ಸೇದಿದ. ಅವರು ಹೊರಗೆ ಬಂದಾಗ ಬಲಗೈ ಬೆರಳಿಗೆ ಶಾಯಿ ಮೆತ್ತಿತ್ತು. ಮುಖ ತೊಳೆದುಕೊಂಡಿದ್ದರು.

ಸೊಕ್ಕೆ ದಾಟಿ ಜಗಳೂರಿನ ದಾರಿಯ ಬೇವಿನ ತೋಪಿನಲ್ಲಿ ಗಾಡಿ ನಿಲ್ಲಿಸಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಆಚೆಯ ಮದುವೆಗಳಿಗೆ ಹೊರಡುವ ಮೊದಲು, ಹಿಂದಿನ ದಿನ ಸೊಕ್ಕೆಯಲ್ಲಿ ತೆಗೆದ ಪ್ಲೇಟುಗಳನ್ನು ತೊಳೆಯಬೇಕಿತ್ತು. ಮಿಲಿಟರಿಗೆ ಹೋದ ಮಕ್ಕಳಿಗೆ ಕಳಿಸಲೆಂದು ಊರಿನ ತಾಯಂದಿರು ಫೋಟೋ ತೆಗೆಸಿಕೊಂಡಿದ್ದರು. ಕಲ್ಲೇಶಪ್ಪ ಕತ್ತಲೆ ಕೋಣೆಗೆ ಹೋಗದೆ ಬೇವಿನ ಬೇರಿನ ಮೇಲೆ ಕೂತರು.

"ಗೋಣೆಪ್ಪ, ಬಾ ಇಲ್ಲಿ, ಕೂತ್ಕ. ನಿನ್ನತ್ರ ಒಂದು ಮಾತಾಡದೈತೆ."

ಪ್ಲಾಂಟಿನಲ್ಲಿ ಇದ್ದಿಲು ಕೆಂಡವಾಗಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ಕಾವು ಇಳಿಯುತ್ತದೆ. ಇಂದು ಬಿಟ್ಟರೆ ಇಂಥ ಜಾಗ, ಇಂಥ ಹೊತ್ತು ಮತ್ತೆ ಯಾವಾಗಲೋ. ಜೊತೆಗೆ, ಯಜಮಾನರ ದನಿಯಲ್ಲಿದ್ದ ಮೆದುತನ ಅವನಿಗೆ ಬೇಡವಾಗಿತ್ತು. ಈಗ ಏನಾದರೂ ಒಳ್ಳೆಯ ಮಾತಾಡಿದರೆ ತನ್ನ ಕೈ ಸೋಲುತ್ತದೆ ಎಂದು ಹೆದರಿದ.

"ಮೊದ್ಲು ಪ್ಲೇಟು ತೊಳ್ಕಂಬಿಡ್ರಿ ಯಜಮಾನ್ರೆ. ಸಂಜೆಗೆ ಆ ಅವ್ವಂದಿರು ಕೇಳಾಕೆ ಬರ್ತಾರೆ. ಮಾತು ಎಲ್ಲಿಗೆ ಹೋಗ್ತೈತೆ, ಆಮೇಲೆ ಆಡಾಣ."

"ಅದೂ ಖರೆ ಅನ್ನು" ಎಂದು ಅವರು ಎದ್ದರು. ಮೆಟ್ಟಿಲು ಹತ್ತುವಾಗ ಒಂದು ಸಲ ಅವನ ಭುಜದ ಮೇಲೆ ಕೈಯಿಟ್ಟರು. ನಾಲ್ಕು ವರ್ಷದಲ್ಲಿ ಅವರು ಅವನನ್ನು ಮುಟ್ಟಿದ್ದು ಅದೇ ಮೊದಲು. ಒಳಗಿನಿಂದ ಅಗುಳಿ ಬಿತ್ತು.

ಗೋಣೆಪ್ಪ ಪ್ಲಾಂಟಿಗೆ ಗಾಳಿ ಊದುವ ತಿದಿಯ ಹಿಡಿ ತಿರುವಿದ, ಕೊಳವೆಯ ಬೆಸುಗೆ ಸಡಿಲಿಸಿದ. ಒಳಗೆ ತಗಡಿನ ತಟ್ಟೆಗಳು ಒಂದಕ್ಕೊಂದು ತಾಕುವ ಸದ್ದು ಕೇಳುತ್ತಿತ್ತು. ನೀರು ಸುರಿದ ಸದ್ದು. ಒಂದು ಸಲ ಕೆಮ್ಮು. ಅವನು ತಿದಿ ಬಿಟ್ಟು ಬಾಗಿಲಿನವರೆಗೆ ಹೋದ. "ಹೊರಗೆ ಬರ್ರಿ" ಎಂಬ ಎರಡು ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಹೊನ್ನಾಳಿಯ ಕಟಕಟೆ ನೆನಪಾಯಿತು, ಕಟಕಟೆ ಹಿಡಿದ ಕೈ ನೆನಪಾಯಿತು. ವಾಪಸು ಬಂದು ತಿದಿ ಹಿಡಿದ. ಸ್ವಲ್ಪ ಹೊತ್ತಿಗೆ ತಟ್ಟೆಗಳ ಸದ್ದು ನಿಂತಿತು. ತೋಪಿನಲ್ಲಿ ಅಳಿಲುಗಳು ಮಾತ್ರ ಕೂಗುತ್ತಿದ್ದವು. ಅವನು ಇನ್ನೂ ತಿರುವುತ್ತಲೇ ಇದ್ದ, ನಿಲ್ಲಿಸಿದರೆ ಆ ಮೌನವನ್ನು ಕೇಳಬೇಕಾಗುತ್ತದೆ ಎಂದು.

ಆಮೇಲಿನದೆಲ್ಲ ಅವನು ಎಣಿಸಿದಂತೆಯೇ ನಡೆಯಿತು. ಬಾಗಿಲು ಒಡೆದ, ಕೂಗಿಕೊಂಡ, ಹೊಲದಲ್ಲಿದ್ದವರು ಓಡಿಬಂದರು. ಅಳುವನ್ನು ನಟಿಸಬೇಕಾಗುತ್ತದೆ ಎಂದುಕೊಂಡಿದ್ದ. ಅಳು ತಾನಾಗಿ ಬಂತು, ನಿಲ್ಲಿಸಿದರೂ ನಿಲ್ಲಲಿಲ್ಲ. ಜಗಳೂರಿನ ಡಾಕ್ಟರು ಕೆಂಪಗಿದ್ದ ಮುಖ ನೋಡಿದೊಡನೆ, "ಇದ್ದಿಲು ಗ್ಯಾಸು" ಎಂದರು. ಸಬ್ ಇನ್ಸ್‌ಪೆಕ್ಟರು ಬಸವರಾಜಪ್ಪನವರು ಪ್ಲಾಂಟಿನ ಮರೆಗೆ ಬಗ್ಗಿ ಸೀಳು ನೋಡಿದರು. ಮೈಸೂರಿನ ಸರ್ಟಿಫಿಕೇಟಿನ ತಾರೀಖು ನೋಡಿದರು, ಆಚೆ ಸೀಮೆಯದನ್ನೂ ನೋಡಿದರು, ತಲೆ ಅಲ್ಲಾಡಿಸಿದರು. "ಆ ಕಡೆಯವರು ಮನೆ ನೋಡೋದೇ ಇಲ್ಲ. ಇವರೂ ನೋಡ್ಕಂಡಿಲ್ಲ. ಮಾಲೀಕರ ಉದಾಸೀನ, ಇನ್ನೇನು" ಎಂದು ಬರೆಸಿದರು.

ಗೋಣೆಪ್ಪ ಐದು ವರ್ಷದಿಂದ ಕೇಳಬೇಕೆಂದಿದ್ದ ಮಾತು. ಕೇಳಿದ. ಸ್ಟೇಷನ್ನಿನ ಹಿಂದೆ ಹೋಗಿ ಕೈ ತಿಕ್ಕಿ ತಿಕ್ಕಿ ತೊಳೆದ, ಮಸಿ ಪೂರ್ತಿ ಹೋಗಲಿಲ್ಲ.

ಮರುದಿನ ಚನ್ನಗಿರಿಯಿಂದ ಕಲ್ಲೇಶಪ್ಪನವರ ಹೆಂಡತಿ ಶಂಕ್ರಮ್ಮ ಬಂದರು. ಗೋಳಾಡಲಿಲ್ಲ. ಅವನ ಎರಡೂ ಕೈ ಹಿಡಿದುಕೊಂಡು, "ನೀನಾದ್ರೂ ಉಳ್ಕಂಡ್ಯಲ್ಲಪ್ಪ" ಎಂದರು. "ಈ ನಡುವೆ ನಿದ್ದೆ ಮಾಡ್ತಿರಲಿಲ್ಲ ಅವರು. ಗೋಣೆಪ್ಪಂಗೆ ಏನಾದ್ರೂ ಮಾಡ್ಬೇಕು, ಏನಾದ್ರೂ ಮಾಡ್ಬೇಕು ಅಂತಿದ್ರು. ಏನು ಅಂತ ಕೇಳಿದ್ರೆ ಹೇಳ್ತಿರಲಿಲ್ಲ." ಕೈ ಬಿಡಿಸಿಕೊಳ್ಳಲು ಅವನಿಗೆ ಧೈರ್ಯ ಬರಲಿಲ್ಲ. ಆ ಕೈಗಳಿಗೆ ತನ್ನ ಕೈಯ ಮಸಿ ಅಂಟುತ್ತಿದೆಯೇನೋ ಎಂದು ನೋಡುತ್ತಾ ನಿಂತ.

ಅವರು ಮಣ್ಣು ಮುಗಿಸಿಕೊಂಡು ಊರಿಗೆ ಹಿಂದಿರುಗಿದರು. ಗಾಡಿ ಪೊಲೀಸರ ವಶದಲ್ಲಿತ್ತು, ಬಿಡಿಸಿಕೊಂಡು ಬರಲು ಗೋಣೆಪ್ಪ ಜಗಳೂರಿನಲ್ಲೇ ಉಳಿದ. ಮೂರನೆಯ ದಿನ ಸೊಕ್ಕೆಯಿಂದ ಕರಿಯಕ್ಕ ಎಂಬ ಮುದುಕಿ ನಡೆದುಕೊಂಡು ಬಂದಳು. "ನನ್ ಮಗ ಬರ್ಮಾ ಕಡೆ ಅವ್ನೆ. ಪಟ ಕಳಿಸ್ಬೇಕಿತ್ತು. ನನ್ ಮುಖ ಬಂದೈತೇನಪ್ಪ?" ಎಂದು ಕೇಳಿದಳು. ಪ್ಲೇಟುಗಳು ತಟ್ಟೆಯಲ್ಲೇ ಉಳಿದು ಕಪ್ಪಾಗಿದ್ದವು. "ಇಲ್ಲವ್ವ, ಬಂದಿಲ್ಲ" ಎಂದ. "ಹೋಗ್ಲಿ ಬಿಡು. ಪಾಪ, ಆ ಪುಣ್ಯಾತ್ಮ ನಗು ನಗು ಅಂತ ಎಷ್ಟು ಹೇಳಿದ್ರು" ಎಂದು ಅವಳು ಅವನಿಗೇ ಸಮಾಧಾನ ಹೇಳಿ ಹೋದಳು. ಆ ರಾತ್ರಿ, ಮರು ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಎಲ್ಲವನ್ನೂ ಹೇಳಿಬಿಡಲೆಂದು ಒಂದು ಮುಂಜಾನೆ ಸ್ಟೇಷನ್ನಿನ ಮೆಟ್ಟಿಲವರೆಗೂ ಹೋದ. ಬಾಗಿಲಲ್ಲಿದ್ದ ಪೇದೆ, "ಏನು ಗೋಣೆಪ್ಪ, ಗಾಡಿ ಕೇಳಾಕೆ ಬಂದ್ಯಾ? ಇನ್ನೆರಡು ದಿನ ತಡಿ" ಎಂದ. "ಹೌದ್ರಿ" ಎಂದು ತಿರುಗಿ ಬಂದ.

ಎಂಟನೆಯ ದಿನ ಬಸವರಾಜಪ್ಪನವರೇ ಕರೆಸಿದರು. ಗಾಡಿಯ ಬೀಗದ ಕೈ ಮೇಜಿನ ಮೇಲಿತ್ತು, ಪಕ್ಕದಲ್ಲಿ ಅದೇ ತಾನೆ ಒಡೆದ ಲಕೋಟೆ. ಅವರ ಮುಖ ನಗುಮುಖವಾಗಿತ್ತು. "ಕೂತ್ಕಳಪ್ಪ. ನಿನಗೆ ಒಳ್ಳೆ ಸುದ್ದಿ ಐತೆ" ಎಂದರು. ಮದ್ರಾಸು ಸೀಮೆಯಲ್ಲಿ ಮನೆ ಕಟ್ಟಿದ ಗಾಡಿಯ ಒಳಗನ್ನು ನೋಡುವುದಿಲ್ಲ, ನಿಜ. ಅದರ ಬದಲು ಮಾಲೀಕನನ್ನು ಕೂರಿಸಿ ಪ್ರಮಾಣ ಮಾಡಿಸಿ ಬರೆಸಿಕೊಳ್ಳುತ್ತಾರೆ, ಈ ಗಾಡಿಯಿಂದ ಹಿಂದೆ ಯಾರ ಜೀವವಾದರೂ ಹೋಗಿತ್ತೇ, ಹೋಗಿದ್ದರೆ ಯಾರ ತಪ್ಪಿನಿಂದ ಎಂದು. ಅನ್ಯ ಸೀಮೆಯ ಸಂಗತಿಯಾದರೆ ಅದರ ನಕಲನ್ನು ಆ ಸೀಮೆಯ ಪೊಲೀಸರಿಗೆ ಕಳಿಸುತ್ತಾರೆ. ಇದನ್ನು ಗೋಣೆಪ್ಪನಿಗೆ ಯಾವ ಬಸ್ಸು ಡ್ರೈವರನೂ ಹೇಳಿರಲಿಲ್ಲ. ಅವರಾರೂ ಮಾಲೀಕರಾಗಿರಲಿಲ್ಲ, ಆ ಕೋಣೆಯ ಒಳಗೆ ಹೋದವರಲ್ಲ. ಬಸವರಾಜಪ್ಪನವರು ಕಾಗದ ಬಿಡಿಸಿ ಗಟ್ಟಿಯಾಗಿ ಓದಿದರು: "ಮೂವತ್ತೊಂಬತ್ತನೇ ಇಸವಿಯಲ್ಲಿ ನ್ಯಾಮತಿ ಹತ್ತಿರ ನನ್ನ ಡ್ರೈವರ್ ಗೋಣೆಪ್ಪನ ಹೆಂಡತಿ ದುರುಗಮ್ಮ ತೀರಿಕೊಂಡಳು. ಬ್ರೇಕು ಸರಿ ಮಾಡಿಸಿರೆಂದು ಅವನು ಮೂರು ಸಲ ಕೇಳಿದ್ದರೂ ನಾನು ಮಾಡಿಸಲಿಲ್ಲ. ಹೊನ್ನಾಳಿ ಕೋರ್ಟಿನಲ್ಲಿ ಸುಳ್ಳು ಹೇಳಿ ಅವನನ್ನು ಜೈಲಿಗೆ ಕಳಿಸಿದೆ. ತಪ್ಪು ನನ್ನದು. ಈ ದಿನ ಅವನಿಗೂ ಇದನ್ನು ತಿಳಿಸಿ ಕ್ಷಮೆ ಕೇಳುವವನಿದ್ದೇನೆ. ನಾನು ಅವನಿಗೆ ಮಾಡಿದ ಅನ್ಯಾಯ ನಮ್ಮಿಬ್ಬರನ್ನು ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ." ಗೋಣೆಪ್ಪನ ಕಣ್ಣಿಂದ ದಳದಳ ನೀರು ಸುರಿಯಿತು. "ನಿನ್ನ ಹೆಸರು ತೊಳೆದು ಹೋದ್ರು ನೋಡು, ಪುಣ್ಯಾತ್ಮ" ಎಂದು ಬಸವರಾಜಪ್ಪನವರು ಬೀಗದ ಕೈ ಎತ್ತಿ ಅವನ ಕಡೆ ಚಾಚಿದರು. ಚಾಚಿದ ಕೈ ಅಲ್ಲೇ ನಿಂತಿತು. ಅವರು ಕಾಗದದ ಕೊನೆಯ ಸಾಲನ್ನು ಇನ್ನೊಮ್ಮೆ, ಈ ಸಲ ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಬೀಗದ ಕೈಯನ್ನು ಮೆಲ್ಲಗೆ ತಮ್ಮ ಜೇಬಿಗೆ ಹಾಕಿಕೊಂಡು, ಪೇದೆಯನ್ನು ಕರೆದು ಬಾಗಿಲು ಹಾಕಲು ಹೇಳಿ, "ಹಂಗಾದ್ರೆ ಈ ಅನ್ಯಾಯ ನಾಲ್ಕು ವರ್ಷದಿಂದ ನಿನಗೆ ಗೊತ್ತಿತ್ತು, ಅಲ್ಲೇನಪ್ಪ?" ಎಂದು ಕೇಳಿದರು.